ಹೃದ್ರೋಗಿ ಇರುವ ಮನೆ: ಹೊಗೆ, ದೂಳಿನ ವಿರುದ್ಧ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಸ್ಟೆಂಟ್ ಹಾಕಿಸಿಕೊಂಡು ಬಂದವರ ಮನೆಯಲ್ಲಿ ಮೊದಲ ತಿಂಗಳೆಲ್ಲ ಉಪ್ಪು, ಎಣ್ಣೆ, ಮಾತ್ರೆಯ ಹೊತ್ತು, ಮೆಟ್ಟಿಲು ಹತ್ತಬಹುದೇ ಎಂಬ ಮಾತುಗಳಲ್ಲೇ ಕಳೆಯುತ್ತದೆ. ಗಾಳಿಯ ಪ್ರಶ್ನೆ ಬರುವುದು ಆಮೇಲೆ. ಈಚೆಗೆ ಮೂವರು ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಮೂರು ಊರುಗಳಿಂದ ಕೇಳಿದ್ದಾರೆ. ಬೆಂಗಳೂರಿನ ಮಾಗಡಿ ರಸ್ತೆಯ ಕಡೆಯ ಆಟೊ ಚಾಲಕರೊಬ್ಬರಿಗೆ ಐವತ್ತು ತುಂಬುವ ಮೊದಲೇ ಹೃದಯಾಘಾತವಾಗಿದ್ದು, ಅವರಿಗೆ ಒಳ್ಳೆಯ ಮಾಸ್ಕ್ ಕೊಡಿಸಬೇಕೇ ಅಥವಾ ಸಾಲ ಮಾಡಿಯಾದರೂ ಮನೆಗೆ ಏರ್ ಪ್ಯೂರಿಫೈಯರ್ ತರಬೇಕೇ ಎಂದು ಮಗಳು ಕೇಳಿದ್ದಾರೆ. ತೀರ್ಥಹಳ್ಳಿಯ ಕಡೆಯ ಗೃಹಿಣಿಯೊಬ್ಬರು, ಬಿ.ಪಿ. ಮತ್ತು ಎದೆನೋವು ಇರುವ ತಮ್ಮ ಅತ್ತೆಯವರು ದಿನಾ ಬಚ್ಚಲ ಒಲೆಯ ಮುಂದೆ ಕೂರುತ್ತಾರೆ, ಒಲೆಯನ್ನು ಸುಧಾರಿಸುವುದು ಮೇಲೋ, ತೆಗೆದೇಬಿಡುವುದು ಮೇಲೋ ಎಂದು ಬರೆದಿದ್ದಾರೆ. ದೆಹಲಿಯಲ್ಲಿ ನೆಲೆಸಿರುವ ನಿವೃತ್ತ ಕನ್ನಡಿಗರೊಬ್ಬರದು ಇನ್ನೊಂದು ಸಂಕಟ. ಬೈಪಾಸ್ ಆದ ಮೇಲೆ ವೈದ್ಯರು ದಿನಾ ನಡೆಯಲು ಹೇಳಿದ್ದಾರೆ, ನವೆಂಬರಿನ ಗಾಳಿ ನೋಡಿದರೆ ಬಾಗಿಲು ತೆರೆಯಲೂ ಭಯವಾಗುತ್ತದೆ.

ಮೂವರಿಗೂ ಒಂದೇ ವಸ್ತುವನ್ನು ಶಿಫಾರಸು ಮಾಡಲಾಗದು. ಮೂವರೂ ಮಾಡಬೇಕಾದ ಲೆಕ್ಕ ಮಾತ್ರ ಒಂದೇ. ಆ ಲೆಕ್ಕವನ್ನು ಮಾಡದೆ ವಸ್ತು ಕೊಂಡರೆ ಏನಾಗುತ್ತದೆ ಎಂಬುದು ನಮ್ಮ ಮನೆಯಲ್ಲೇ ನಡೆದಿದೆ. ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆದ ವರ್ಷ ನಾವು ಹಾಲ್‌ನಲ್ಲಿ ಪ್ಯೂರಿಫೈಯರ್ ಇಟ್ಟೆವು. ಅವರು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆ ಬತ್ತಿ ಉರಿಯುತ್ತಿತ್ತು, ಅದು ಯಾರ ಗಮನಕ್ಕೂ ಬರಲಿಲ್ಲ. ಒಂದು ಇಡೀ ಚಳಿಗಾಲ ಹಾಗೆ ಕಳೆದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಹೊಗೆ ಹೃದಯವನ್ನು ತಲುಪುವ ಬಗೆ

ಗಾಳಿಯ ಮಾಲಿನ್ಯ ಎಂದಾಗ ನಮಗೆ ಕೆಮ್ಮು, ಉಬ್ಬಸ ನೆನಪಾಗುತ್ತವೆ, ಆದರೆ ಅದರ ದೊಡ್ಡ ಪೆಟ್ಟು ಬೀಳುವುದು ರಕ್ತನಾಳಗಳ ಮೇಲೆ. ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ ಸಂಭವಿಸಿದ ಅಕಾಲ ಮರಣಗಳಲ್ಲಿ ಸುಮಾರು 68 ಶೇಕಡಾ ಹೃದ್ರೋಗ ಮತ್ತು ಪಾರ್ಶ್ವವಾಯುವಿನಿಂದಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದಕ್ಕೆ ಮುಖ್ಯ ಕಾರಣ ಪಿಎಂ 2.5 ಎಂದು ಕರೆಯುವ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟಿರುವ ಈ ಕಣಗಳು ಮೂಗು, ಗಂಟಲುಗಳನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಉಂಟಾಗುವ ಉರಿಯೂತದ ಪರಿಣಾಮ ರಕ್ತಕ್ಕೆ ಹರಡುತ್ತದೆ, ರಕ್ತನಾಳದ ಒಳಪದರ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ, ಹೃದಯಬಡಿತವನ್ನು ಹತೋಟಿಯಲ್ಲಿಡುವ ನರಗಳ ಸಮತೋಲ ಕೆಡುತ್ತದೆ. ಅಮೆರಿಕದ ಆರು ಮಹಾನಗರ ಪ್ರದೇಶಗಳಲ್ಲಿ 6,795 ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ಹೆಚ್ಚು ಮಾಲಿನ್ಯದಲ್ಲಿ ಬಾಳಿದವರ ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಬೇಗ ಬೇಗ ಶೇಖರವಾದದ್ದು ಕಂಡುಬಂತು.

ಇದು ವರ್ಷಗಟ್ಟಲೆ ನಡೆಯುವ ಹಾನಿ. ಗಂಟೆಗಳಲ್ಲಿ ಆಗುವ ಹಾನಿಯೂ ಇದೆ. ಹಿಂದೆ ಹೃದಯಾಘಾತವಾಗಿದ್ದ 20 ಗಂಡಸರ ಮೇಲೆ ಎಡಿನ್‌ಬರೋದ ಸಂಶೋಧಕರು ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದುರ್ಬಲಗೊಳಿಸಿದ ಡೀಸೆಲ್ ಹೊಗೆಯಲ್ಲಿ ಒಂದು ಗಂಟೆ ಇದ್ದು ವ್ಯಾಯಾಮ ಮಾಡಿದಾಗ, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂಬ ಇಸಿಜಿಯ ಸೂಚನೆ ಶುದ್ಧ ಗಾಳಿಯಲ್ಲಿದ್ದಾಗಿಗಿಂತ ಗಣನೀಯವಾಗಿ ಹೆಚ್ಚಾಗಿತ್ತು. ಆದ್ದರಿಂದ ಈಗಾಗಲೇ ಹೃದ್ರೋಗವಿರುವವರು ವರ್ಷದ ಸರಾಸರಿಯನ್ನು ಮಾತ್ರ ನೋಡಿ ಸುಮ್ಮನಾಗುವಂತಿಲ್ಲ. ಇಂದು ಯಾವ ಹೊತ್ತಿನಲ್ಲಿ, ಎಲ್ಲಿ, ಎಷ್ಟು ಏದುಸಿರು ಬಿಟ್ಟೆ ಎಂಬುದೂ ಅವರ ಪಾಲಿಗೆ ಮುಖ್ಯ.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ ಪಿಎಂ 2.5 ಪ್ರಮಾಣ ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 5 ಮೈಕ್ರೋಗ್ರಾಂ, ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು. ಭಾರತದ 2009ರ ಮಾನದಂಡದಲ್ಲಿ ಇವು 40 ಮತ್ತು 60. ಬೆಂಗಳೂರಿನ ವಾರ್ಷಿಕ ಸರಾಸರಿ ಈಚಿನ ವರ್ಷಗಳಲ್ಲಿ 30ರ ಆಸುಪಾಸಿನಲ್ಲಿದೆ. ನಮ್ಮ ದೇಶದ ಲೆಕ್ಕಕ್ಕೆ ಅದು ಮಿತಿಯೊಳಗೆ, ಹೃದಯದ ಲೆಕ್ಕಕ್ಕೆ ಮಿತಿಯ ಆರು ಪಟ್ಟು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಸೂಚ್ಯಂಕ ಮೈಕ್ರೋಗ್ರಾಂ ಅಲ್ಲ ಎಂಬುದನ್ನೂ ನೆನಪಿಡಬೇಕು. ಸೂಚ್ಯಂಕ 100ರೊಳಗಿದ್ದು ‘ತೃಪ್ತಿಕರ’ ಎಂದು ತೋರಿಸುವಾಗಲೂ ಪಿಎಂ 2.5 ಪ್ರಮಾಣ 60ರವರೆಗೆ ಇರಬಹುದು. ಆರೋಗ್ಯವಂತ ಯುವಕನಿಗೆ ಆ ಪದ ಸಮಾಧಾನ ಕೊಟ್ಟೀತು, ಸ್ಟೆಂಟ್ ಇರುವವರು ಅದನ್ನು ಅಪ್ಪಣೆ ಎಂದು ತಿಳಿಯಬಾರದು.

ಯಾವ ಅಳತೆಗೋಲಿನಿಂದ ತೂಗಬೇಕು

ನಾನು ಪ್ರತಿಯೊಂದು ಆಯ್ಕೆಯನ್ನೂ ನಾಲ್ಕು ಪ್ರಶ್ನೆಗಳಿಂದ ನೋಡುತ್ತೇನೆ, ಅವುಗಳಲ್ಲಿ ಮೊದಲನೆಯದಕ್ಕೆ ಉಳಿದ ಮೂರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ರೋಗಿಯ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅತಿ ಹೆಚ್ಚು ಕಣಗಳು ಒಳಹೋಗುವುದು ಎಲ್ಲಿ? ಒಂದು ಜಾಗದ ಗಾಳಿಯಲ್ಲಿರುವ ಪ್ರಮಾಣವನ್ನು ಅಲ್ಲಿ ಕಳೆಯುವ ಗಂಟೆಗಳಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಎರಡನೆಯ ಪ್ರಶ್ನೆ, ಈ ಉಪಾಯ ಆ ಪ್ರಮಾಣವನ್ನು ಎಷ್ಟು ಕೆಳಕ್ಕೆ ಇಳಿಸುತ್ತದೆ ಎಂಬುದು. ಮೂರನೆಯದು, ಹೃದಯಕ್ಕೆ ಅದರಿಂದ ಉಪಯೋಗವಾಗಿದೆ ಎನ್ನಲು ಪರೀಕ್ಷೆಯ ಆಧಾರವಿದೆಯೇ ಎಂಬುದು. ನಾಲ್ಕನೆಯದು, ಹಣ, ಸೆಕೆ, ಕಿರಿಕಿರಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಮನೆಯವರು ಅದನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗಬಲ್ಲರೇ ಎಂಬುದು.

ಮೊದಲ ಪ್ರಶ್ನೆಯನ್ನು ಆಟೊ ಚಾಲಕರಿಗೆ ಅನ್ವಯಿಸಿ ನೋಡೋಣ. ಲೆಕ್ಕ ಅರ್ಥವಾಗಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ರಸ್ತೆಯಲ್ಲಿ 80ರ ಪ್ರಮಾಣದಲ್ಲಿ 10 ಗಂಟೆ ಎಂದರೆ 800, ಮನೆಯಲ್ಲಿ 35ರ ಪ್ರಮಾಣದಲ್ಲಿ 14 ಗಂಟೆ ಎಂದರೆ 490. ಚೆನ್ನಾಗಿ ಕೂರುವ ಮಾಸ್ಕನ್ನು ರಸ್ತೆಯಲ್ಲಿ 6 ಗಂಟೆ ಧರಿಸಿ, ಅದು ಐದರಲ್ಲಿ ನಾಲ್ಕು ಪಾಲು ಕಣಗಳನ್ನು ತಡೆದರೆ 384 ಉಳಿತಾಯವಾಗುತ್ತದೆ. ಮಲಗುವ ಕೋಣೆಗೆ ಪ್ಯೂರಿಫೈಯರ್ ತಂದು 8 ಗಂಟೆ 35ರ ಪ್ರಮಾಣವನ್ನು 15ಕ್ಕೆ ಇಳಿಸಿದರೆ ಉಳಿಯುವುದು 160. ಅಂದರೆ ಅವರಿಗೆ ಕೆಲವು ನೂರು ರೂಪಾಯಿಯ ಮಾಸ್ಕುಗಳು ಹತ್ತು ಸಾವಿರದ ಯಂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೆಲಸ ಮಾಡುತ್ತವೆ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿದು ಎಂಟು ಗಂಟೆ 150 ಮೈಕ್ರೋಗ್ರಾಂ ಹೆಚ್ಚುವರಿಯಾಗಿ ಸೇರುತ್ತಿದ್ದರೆ ಅದೊಂದೇ 1,200 ಆಗುತ್ತದೆ. ಆಗ ಮಾಸ್ಕ್ ಮತ್ತು ಯಂತ್ರ ಎರಡನ್ನೂ ಬದಿಗಿಟ್ಟು ಮೊದಲು ಬತ್ತಿಯನ್ನು ನಂದಿಸಬೇಕು.

ಎರಡನೆಯ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ, ಸೌದೆ ಒಲೆಯ ಮನೆಗಳಿಗೆ ಅದು ಬಹಳ ಮುಖ್ಯ. ಹೊಗೆ ಹೆಚ್ಚಿದ ಹಾಗೆ ಹೃದಯದ ಅಪಾಯ ಅದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋಗುವುದಿಲ್ಲ. ಕಡಿಮೆ ಹೊಗೆಯಲ್ಲೇ ಅಪಾಯ ಕಡಿದಾಗಿ ಏರಿ, ಮೇಲೆ ಹೋದಂತೆ ಏರಿಕೆ ನಿಧಾನವಾಗುತ್ತದೆ. ಸ್ವತಃ ಸೇದದೆ ಬೇರೆಯವರ ಬೀಡಿ, ಸಿಗರೇಟಿನ ಹೊಗೆ ಕುಡಿಯುವವರಿಗೂ ಹೃದ್ರೋಗದ ಅಪಾಯ ಶೇಕಡಾ 25ರಿಂದ 30ರಷ್ಟು ಹೆಚ್ಚುವುದು ಇದೇ ಕಾರಣಕ್ಕೆ. ಹೀಗಾಗಿ 400 ಇದ್ದುದನ್ನು 200ಕ್ಕೆ ಇಳಿಸಿದರೆ ಕಣ್ಣುರಿ ತಗ್ಗುತ್ತದೆ, ಹೃದಯಕ್ಕೆ ಸಿಗುವ ಲಾಭ ಮಾತ್ರ ನಾವು ಊಹಿಸಿದಷ್ಟು ಇರುವುದಿಲ್ಲ. ಪೂರ್ತಿ ಕೆಳಗಿಳಿದಾಗಲೇ ದೊಡ್ಡ ಲಾಭ.

ಮನೆಯೊಳಗೇ ಹುಟ್ಟುವ ಹೊಗೆ

ಯಾವ ಬಜೆಟ್ಟಿನ ಮನೆಯಾದರೂ ಮೊದಲು ನೋಡಬೇಕಾದದ್ದು ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊರಗಿನ ಗಾಳಿ ನಮ್ಮ ಕೈಯಲ್ಲಿಲ್ಲ, ಒಳಗಿನದು ಇದೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಹೊರಬರುವ ಪಿಎಂ 2.5 ಕಣಗಳ ತೂಕ 75ರಿಂದ 137 ಸಿಗರೇಟುಗಳಿಂದ ಹೊರಬರುವಷ್ಟು ಎಂದು 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಲೆಕ್ಕ ಹಾಕಿತ್ತು. ಬತ್ತಿ ನಿಲ್ಲಿಸಿದರೆ ಡೆಂಗಿಯ ಭಯವಿದೆ, ಅದು ನಿಜವಾದ ಭಯ. ಅದಕ್ಕೆ ಪರಿಹಾರ ಸೊಳ್ಳೆ ಪರದೆ ಮತ್ತು ಕಿಟಕಿಗೆ ಜಾಲರಿ. ಪರದೆಯೊಳಗೆ ಸೆಕೆ ಎನ್ನುವವರು ಪ್ಲಗ್ಗಿಗೆ ಹಾಕುವ ದ್ರವದ ಯಂತ್ರವನ್ನು ಬಳಸಬಹುದು. ಅದೂ ರಾಸಾಯನಿಕವೇ ಆದರೂ ಅದರಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಹೊಗೆಯ ಕಣಗಳಿಲ್ಲ.

ಊದುಬತ್ತಿ, ಧೂಪ, ಸಾಂಬ್ರಾಣಿಗಳ ಬಗ್ಗೆ ಬರೆಯುವಾಗ ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಅದು ಭಕ್ತಿಯ ವಿಷಯ. ಆದರೂ ಹೇಳಲೇಬೇಕು. ಸಿಂಗಪುರದಲ್ಲಿ 63 ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ರೂಢಿಯಾಗಿ ಊದುಬತ್ತಿ ಉರಿಸುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಅಪಾಯ ಶೇಕಡಾ 12ರಷ್ಟು ಹೆಚ್ಚಿತ್ತು. ದೇವರ ಮನೆಯ ಕಿಟಕಿ ತೆರೆದು, ಒಂದೇ ಕಡ್ಡಿ ಹಚ್ಚಿ, ಹೃದ್ರೋಗಿ ಆ ಹೊತ್ತು ಬೇರೆ ಕೋಣೆಯಲ್ಲಿದ್ದರೆ ಪೂಜೆಗೂ ಕುಂದಿಲ್ಲ, ಎದೆಗೂ ಹೊರೆಯಿಲ್ಲ. ತುಪ್ಪದ ದೀಪ, ಹೂವುಗಳಿಂದಲೇ ಪೂಜೆ ಮುಗಿಸುವ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ.

ಇನ್ನು ಒಲೆ. ಗ್ಯಾಸ್ ಒಲೆಯ ಮನೆಯಲ್ಲಿ ಕಣಗಳು ಹುಟ್ಟುವುದು ಹೆಚ್ಚಾಗಿ ಒಗ್ಗರಣೆ ಮತ್ತು ಕರಿಯುವ ಎಣ್ಣೆಯಿಂದ. ಅಡುಗೆ ಶುರುವಾಗುವ ಮೊದಲೇ ಹಾಕಿ, ಮುಗಿದ ಮೇಲೂ ಹತ್ತು ನಿಮಿಷ ಓಡಿಸುವ ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕಷ್ಟಾಯಿತು, ಅದಕ್ಕೆ ತಗಲುವುದು ಒಂದೆರಡು ಸಾವಿರ ರೂಪಾಯಿ. ಹತ್ತು ಹದಿನೈದು ಸಾವಿರದ ಕಿಚನ್ ಚಿಮಣಿ ಕೊಳ್ಳುವವರು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡುವಂಥದ್ದನ್ನೇ ಆರಿಸಬೇಕು. ಕೊಳವೆಯಿಲ್ಲದೆ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿ ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ, ಸಣ್ಣ ಕಣಗಳನ್ನೂ ಅನಿಲಗಳನ್ನೂ ಅಷ್ಟಾಗಿ ಹಿಡಿಯುವುದಿಲ್ಲ. ಇಂಡಕ್ಷನ್ ಒಲೆಯಲ್ಲಿ ಬೆಂಕಿಯಿಲ್ಲದ್ದರಿಂದ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಕೂಡ ಇಲ್ಲ. ಆದರೆ 1,500 ವಾಟ್‌ನ ಒಲೆಯನ್ನು ದಿನಕ್ಕೆ ಒಂದೂವರೆ ಗಂಟೆ ಬಳಸಿದರೂ ತಿಂಗಳಿಗೆ 67 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ ಉಚಿತ ಮಿತಿಯನ್ನು ಆಯಾ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ನಿಗದಿ ಮಾಡಿರುವುದರಿಂದ, ಆ ಮಿತಿ ದಾಟುವ ಸಂಭವವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಸೌದೆ ಒಲೆಯ ಮನೆಯಲ್ಲಿ ಅಡುಗೆಯ ಹೊತ್ತಿಗೆ ಪಿಎಂ 2.5 ಹಲವು ನೂರು ಮೈಕ್ರೋಗ್ರಾಂ ತಲುಪುವುದು ಸಾಮಾನ್ಯ. ಮಲೆನಾಡಿನಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾದರೂ ಬಚ್ಚಲ ಹಂಡೆಯ ಒಲೆ ಹಾಗೆಯೇ ಉಳಿದಿದೆ. ತೋಟದ ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಣಗಿದ ಕೊಂಬೆ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದಕ್ಕೂ ಮೈ ಕಾಯಿಸುವುದಕ್ಕೂ ಅದೇ ಬೇಕು. ಹಿರಿಯರು ಬೆಳಗಿನ ಚಳಿಗೆ ಆ ಒಲೆಯ ಮುಂದೆಯೇ ಕೂರುತ್ತಾರೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯೂ ಇದಕ್ಕೆ ಸೇರುತ್ತದೆ.

ಇಲ್ಲಿ ಮೂರು ದಾರಿಗಳಿವೆ. ಹೊಗೆಕೊಳವೆ ಇರುವ ಸುಧಾರಿತ ಒಲೆ ಮೊದಲನೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ, ಒಮ್ಮೆಗೇ ಮೂರು ಪಾತ್ರೆ ಇಡಬಹುದಾದ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಅನೇಕರಿಗೆ ಗೊತ್ತು. ಅದರಿಂದ ಸೌದೆ ಉಳಿಯುತ್ತದೆ, ಹೊಗೆ ಮಾಡಿನ ಮೇಲಕ್ಕೆ ಹೋಗುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ, ಒದ್ದೆ ಸೌದೆ ಹಾಕಿದರೆ ಹೊಗೆ ಮತ್ತೆ ಒಳಕ್ಕೇ ಬರುತ್ತದೆ, ಮೇಲಕ್ಕೆ ಹೋದದ್ದೂ ಗಾಳಿಯಿಲ್ಲದ ಬೆಳಗಿನಲ್ಲಿ ಅಂಗಳಕ್ಕೇ ಇಳಿಯುತ್ತದೆ. ಮೇಲೆ ಹೇಳಿದ ಕಡಿದಾದ ಏರಿಕೆಯ ಲೆಕ್ಕದಲ್ಲಿ ಇದು ಅರ್ಧ ದಾರಿ. ಎರಡನೆಯದು ಸೋಲಾರ್ ವಾಟರ್ ಹೀಟರ್. ಬಯಲುಸೀಮೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆಗುಂಬೆಯ ಸುತ್ತಿನ ಮಳೆಗಾಲದಲ್ಲಿ ಮಾತ್ರ ತಿಂಗಳುಗಟ್ಟಲೆ ಬಿಸಿಲೇ ಇರುವುದಿಲ್ಲ, ಆಗ ಗೀಸರ್ ಬೇಕೇ ಬೇಕು. ಮೂರನೆಯದು ಒಲೆಯನ್ನು ತೆಗೆಯದೆ ಜಾಗ ಮತ್ತು ಜನರನ್ನು ಬದಲಿಸುವುದು: ಬಚ್ಚಲಿನ ಒಲೆಯ ಬಾಯನ್ನು ಮನೆಯ ಹೊರಗೋಡೆಯ ಕಡೆಗೆ ತಿರುಗಿಸಿ, ಉರಿ ನೋಡುವ ಕೆಲಸವನ್ನು ಹೃದ್ರೋಗಿಯಿಂದ ಬಿಡಿಸಿ ಬೇರೆಯವರಿಗೆ ವಹಿಸುವುದು. ಗಾರೆ ಕೆಲಸಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ತೀರ್ಥಹಳ್ಳಿಯ ಓದುಗರಿಗೆ ನನ್ನ ಸಲಹೆ, ಈ ವರ್ಷವೇ ಮೂರನೆಯದನ್ನು ಮಾಡಿ, ಹಣ ಕೂಡಿಬಂದ ಮೇಲೆ ಸೋಲಾರ್ ಮತ್ತು ಗೀಸರ್ ಜೋಡಿಗೆ ಹೋಗಿ ಎಂಬುದು. ಅತ್ತೆಯವರನ್ನು ಒಲೆಯ ಮುಂದಿನಿಂದ ಎಬ್ಬಿಸುವುದು ಸುಲಭವಲ್ಲ ಎಂದು ಬಲ್ಲೆ. ಬೆಳಗಿನ ಬಿಸಿಲು ಬೀಳುವ ಜಗಲಿಯಲ್ಲಿ ಅವರಿಗೊಂದು ಕುರ್ಚಿ, ಒಂದು ಕಂಬಳಿ ಇಟ್ಟುಕೊಟ್ಟರೆ ಒಲೆಯ ಸೆಳೆತ ಅರ್ಧ ಕಡಿಮೆಯಾದೀತು.

ನಡೆಯುವ ಹೊತ್ತು, ನಡೆಯುವ ದಾರಿ

ದುಡ್ಡೇ ಬೇಡದ, ಆಧಾರವೂ ಚೆನ್ನಾಗಿರುವ ಆಯ್ಕೆ ಇದು. ಲಂಡನ್ನಿನಲ್ಲಿ ಅರವತ್ತು ದಾಟಿದ 119 ಜನರನ್ನು ಒಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿಗಳು ತುಂಬಿದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲೂ ಇನ್ನೊಂದು ದಿನ ಹೈಡ್ ಪಾರ್ಕಿನಲ್ಲೂ ಎರಡೆರಡು ಗಂಟೆ ನಡೆಸಿ ಪರೀಕ್ಷಿಸಿದರು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಉದ್ಯಾನದ ನಡಿಗೆಯಿಂದ ರಕ್ತನಾಳಗಳ ಬಿಗಿತ ಸಡಿಲವಾಯಿತು, ರಸ್ತೆಯ ನಡಿಗೆಯಲ್ಲಿ ಆ ಲಾಭ ಬಹುಮಟ್ಟಿಗೆ ಇಲ್ಲವಾಯಿತು. ಇದೇ ಪರೀಕ್ಷೆಯಲ್ಲಿ, ಹೃದ್ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದವರ ಮೇಲೆ ಹೊಗೆಯ ಪರಿಣಾಮ ಕಡಿಮೆಯಿತ್ತು. ಯಾವ ಉಪಕರಣ ತಂದರೂ ಮಾತ್ರೆ ತಪ್ಪಿಸಬಾರದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ವಾಹನಗಳ ಹೊಗೆ ದೊಡ್ಡ ರಸ್ತೆಯಿಂದ ಮೊದಲ ನೂರಿನ್ನೂರು ಮೀಟರಿನಲ್ಲೇ ಬಹಳ ಇಳಿಯುತ್ತದೆ, 300ರಿಂದ 500 ಮೀಟರ್ ದಾಟಿದ ಮೇಲೆ ರಸ್ತೆಯ ಪ್ರಭಾವ ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಸಿಲ್ಕ್ ಬೋರ್ಡಿನ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಡೆಯುವುದಕ್ಕೂ ಎರಡು ಕ್ರಾಸ್ ಒಳಗೆ ನಡೆಯುವುದಕ್ಕೂ ದೊಡ್ಡ ಅಂತರವಿದೆ. ಹೊತ್ತಿನ ವಿಷಯದಲ್ಲಿ ನಮ್ಮ ಹಳೆಯ ನಂಬಿಕೆಯೊಂದನ್ನು ತಿದ್ದಿಕೊಳ್ಳಬೇಕು. ಚಳಿಗಾಲದಲ್ಲಿ ರಾತ್ರಿಯ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೇಳಗೊಡದೆ ಹಿಡಿದಿಡುವುದರಿಂದ, ನಸುಕಿನ ಐದು ಗಂಟೆಯ ಗಾಳಿ ನಾವು ಅಂದುಕೊಂಡಷ್ಟು ಶುದ್ಧವಲ್ಲ. ಬೀದಿ ತುದಿಯಲ್ಲಿ ತರಗೆಲೆ, ಕಸಕ್ಕೆ ಬೆಂಕಿ ಇಡುವುದೂ ಅದೇ ಹೊತ್ತಿಗೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲೇರಿದ ಮೇಲೆ, ಆಫೀಸಿನ ವಾಹನಗಳ ನೂಕುನುಗ್ಗಲು ಕಳೆದ ಮೇಲೆ ನಡೆಯುವುದು ಹೃದ್ರೋಗಿಗಳಿಗೆ ಮೇಲು. ತೀರಾ ಚಳಿಯೂ ಹೃದಯಕ್ಕೆ ಹೊರೆಯಾದ್ದರಿಂದ ಇದರಲ್ಲಿ ಎರಡು ಲಾಭಗಳಿವೆ. ಬೇಸಿಗೆಯಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರುಗಳಲ್ಲಿ, ಈ ಸಲಹೆಯನ್ನು ತಿರುವುಮುರುವು ಮಾಡಿಕೊಳ್ಳಬೇಕು.

ಹಾಗಾದರೆ ಮಾಲಿನ್ಯ ಹೆಚ್ಚಿರುವ ಊರಿನಲ್ಲಿ ನಡಿಗೆಯನ್ನೇ ಬಿಡಬೇಕೇ? ಬೇಡ. ನಡಿಗೆಯ ಲಾಭ ಮತ್ತು ಹೊಗೆಯ ನಷ್ಟಗಳನ್ನು ತೂಗಿದ 2016ರ ಲೆಕ್ಕಾಚಾರವೊಂದರಲ್ಲಿ, ಪಿಎಂ 2.5 ಪ್ರಮಾಣ 100 ಇರುವ ಊರಿನಲ್ಲೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ನಡೆದಾಗ ಮಾತ್ರ ನಷ್ಟ ಲಾಭವನ್ನು ಮೀರುತ್ತದೆ ಎಂದು ಕಂಡುಬಂತು, ಸೈಕಲ್ ತುಳಿಯುವವರಿಗೆ ಆ ಗಡಿ ಒಂದೂವರೆ ಗಂಟೆ. ಅದು ಸಾಮಾನ್ಯ ಜನರ ಸರಾಸರಿ ಲೆಕ್ಕ, ಹೃದ್ರೋಗಿಗಳು ಅದನ್ನು ಇನ್ನಷ್ಟು ಬಿಗಿಯಾಗಿ ಓದಬೇಕು. ಆದರೂ ಬೆಂಗಳೂರು, ಮೈಸೂರುಗಳಲ್ಲಿ ಗಾಳಿಗೆ ಹೆದರಿ ಸೋಫಾದ ಮೇಲೆ ಕೂರುವುದು ಗಾಳಿಗಿಂತ ಕೆಟ್ಟ ಆಯ್ಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮಾಸ್ಕ್

ಮಾಸ್ಕಿನ ಪರವಾಗಿ ಹೃದ್ರೋಗಿಗಳ ಮೇಲೆಯೇ ನಡೆದ ಪರೀಕ್ಷೆಯಿದೆ. ಬೀಜಿಂಗ್‌ನಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿದ್ದ 98 ಜನರನ್ನು ನಗರದ ನಡುವೆ ಎರಡು ಗಂಟೆ, ಒಮ್ಮೆ ಉತ್ತಮ ಮಾಸ್ಕ್ ಹಾಕಿಸಿ, ಒಮ್ಮೆ ಹಾಕಿಸದೆ ನಡೆಸಿದಾಗ, ಮಾಸ್ಕ್ ಇದ್ದ ದಿನ ರಕ್ತದೊತ್ತಡ ಕಡಿಮೆಯಿತ್ತು, ಇಸಿಜಿಯಲ್ಲಿ ರಕ್ತದ ಕೊರತೆಯ ಸೂಚನೆಗಳೂ ಕಡಿಮೆಯಿದ್ದವು. ಇದು 2012ರಲ್ಲಿ ಪ್ರಕಟವಾದ ಅಧ್ಯಯನ. ಅದರಲ್ಲಿ ಬಳಸಿದ್ದು ಸಣ್ಣ ಕಣಗಳನ್ನು ಸೋಸುವ ಮಾಸ್ಕ್, ಬಟ್ಟೆಯದಲ್ಲ. ಕರವಸ್ತ್ರ, ದುಪಟ್ಟಾ, ಬಟ್ಟೆಯ ಮಾಸ್ಕುಗಳು ಕಣ್ಣಿಗೆ ಕಾಣುವ ದೂಳನ್ನು ತಡೆಯುತ್ತವೆ, ಪಿಎಂ 2.5 ಕಣಗಳನ್ನು ಹೆಚ್ಚಾಗಿ ಒಳಗೆ ಬಿಡುತ್ತವೆ. ಆಸ್ಪತ್ರೆಯ ನೀಲಿ ಮಾಸ್ಕಿನ ಪದರ ತಕ್ಕಮಟ್ಟಿಗೆ ಸೋಸಿದರೂ ಕೆನ್ನೆಯ ಪಕ್ಕದ ಸಂದುಗಳಿಂದ ಗಾಳಿ ನುಗ್ಗುತ್ತದೆ.

ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯದನ್ನೇ ಕೊಳ್ಳಬೇಕು, ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದು ಬಿಗಿಯಾಗಿ ಕೂರುತ್ತದೆ. ಗಡ್ಡವಿದ್ದರೆ ಕೂರುವುದಿಲ್ಲ. ನೂರು ರೂಪಾಯಿಯೊಳಗೇ ಒಳ್ಳೆಯದು ಸಿಗುತ್ತದೆ, ಒದ್ದೆಯಾಗದಂತೆ ನೋಡಿಕೊಂಡರೆ ಒಂದನ್ನು ಹಲವು ದಿನ ಬಳಸಬಹುದು, ತೊಳೆಯಬಾರದು. ಇದರ ಮಿತಿಗಳನ್ನೂ ಹೇಳಬೇಕು. ಕಣಗಳನ್ನು ತಡೆಯುವ ಈ ಮಾಸ್ಕ್ ನೈಟ್ರೋಜನ್ ಡೈಆಕ್ಸೈಡ್, ಓಝೋನ್‌ನಂಥ ಅನಿಲಗಳನ್ನು ತಡೆಯುವುದಿಲ್ಲ. ಉಸಿರಾಟಕ್ಕೆ ಸ್ವಲ್ಪ ಪ್ರಯಾಸವಾಗುವುದರಿಂದ, ಹೃದಯದ ಪಂಪಿಂಗ್ ಶಕ್ತಿ ಬಹಳ ಕುಗ್ಗಿರುವವರು ತಮ್ಮ ವೈದ್ಯರನ್ನು ಕೇಳದೆ ದೀರ್ಘಕಾಲ ಧರಿಸಬಾರದು. ಹತ್ತು ಗಂಟೆ ಆಟೊ ಓಡಿಸುವವರು ಬಿಸಿಲಿನಲ್ಲಿ ಇದನ್ನು ಪೂರ್ತಿ ಹಾಕಿಕೊಂಡೇ ಇರುತ್ತಾರೆಂದು ಯಾರೂ ನಿರೀಕ್ಷಿಸಲಾರರು. ಸಿಗ್ನಲ್ಲಿನಲ್ಲಿ ನಿಂತಾಗ, ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ, ಬೆಳಿಗ್ಗೆ ಸಂಜೆಯ ದಟ್ಟಣೆಯಲ್ಲಿ ಹಾಕಿಕೊಂಡರೂ ಮೇಲಿನ ಲೆಕ್ಕದ ಬಹುಪಾಲು ಕೈಗೆ ಬರುತ್ತದೆ.

ಏರ್ ಪ್ಯೂರಿಫೈಯರ್

ಹೆಪಾ ಎಂಬ, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್ ಇರುವ ಯಂತ್ರ ಮುಚ್ಚಿದ ಕೋಣೆಯ ಕಣಗಳನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲದು. ಶಾಂಘೈನ 35 ವಿದ್ಯಾರ್ಥಿಗಳ ಕೋಣೆಗಳಲ್ಲಿ ಇದನ್ನು ಎರಡು ದಿನ ಓಡಿಸಿದಾಗ ಪಿಎಂ 2.5 ಸುಮಾರು 96ರಿಂದ 41ಕ್ಕೆ ಇಳಿದು, ರಕ್ತದೊತ್ತಡವೂ ಉರಿಯೂತದ ಸೂಚಕಗಳೂ ತಗ್ಗಿದವು. ಅಮೆರಿಕದ ಡೆಟ್ರಾಯಿಟ್‌ನಲ್ಲಿ 40 ಹಿರಿಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರೇ ದಿನಗಳಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 3 ಅಂಕಗಳಷ್ಟು ಇಳಿಯಿತು. ಇವು ಭರವಸೆಯ ಫಲಿತಾಂಶಗಳು, ಆದರೆ ಇವು ಅಳೆದದ್ದು ಬಿ.ಪಿ. ಮತ್ತು ರಕ್ತದ ಸೂಚಕಗಳನ್ನು, ತಪ್ಪಿದ ಹೃದಯಾಘಾತಗಳನ್ನಲ್ಲ.

ಕೊಳ್ಳುವುದಾದರೆ ಜಾಹೀರಾತಿನ ಮಾತಿಗಿಂತ ಸಿಎಡಿಆರ್ ಎಂಬ ಒಂದು ಅಂಕಿಯನ್ನು ನೋಡಿ, ಅದು ಯಂತ್ರ ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದರ ಅಳತೆ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನಮೀಟರ್ ಗಾಳಿಯಿದೆ. ಗಂಟೆಗೆ ಐದು ಬಾರಿ ಸೋಸಲು 205 ಬೇಕು. ಪೆಟ್ಟಿಗೆಯ ಮೇಲಿನ ಅಂಕಿ ಅತಿ ವೇಗದಲ್ಲಿ ಅಳೆದದ್ದು, ಆ ಸದ್ದಿನಲ್ಲಿ ಯಾರೂ ಮಲಗಲಾರರು, ಆದ್ದರಿಂದ 250ರಿಂದ 300 ಇರುವುದನ್ನು ತಂದು ಮಧ್ಯಮ ವೇಗದಲ್ಲಿ ಓಡಿಸುವುದು ಜಾಣತನ. ಓಝೋನ್ ಬಿಡುವ ಯಂತ್ರಗಳನ್ನು ತರಲೇಬಾರದು, ಓಝೋನ್ ಸ್ವತಃ ಶ್ವಾಸಕೋಶಕ್ಕೆ ಹಾನಿಕರ. ಕರೆಂಟಿನ ಖರ್ಚು ಹೆಚ್ಚಲ್ಲ, 40 ವಾಟ್‌ನ ಯಂತ್ರ ರಾತ್ರಿ ಒಂಬತ್ತು ಗಂಟೆ ಓಡಿದರೆ ತಿಂಗಳಿಗೆ 11 ಯೂನಿಟ್. ನಿಜವಾದ ಖರ್ಚು ಫಿಲ್ಟರಿನದು, ವರ್ಷಕ್ಕೊಮ್ಮೆಯಾದರೂ ಬದಲಿಸಲು ಎರಡರಿಂದ ನಾಲ್ಕು ಸಾವಿರ ರೂಪಾಯಿ ಎತ್ತಿಡಬೇಕು. ಫಿಲ್ಟರ್ ಬದಲಿಸುವ ಶಕ್ತಿಯಿಲ್ಲದಿದ್ದರೆ ಯಂತ್ರ ಕೊಳ್ಳದಿರುವುದೇ ಲೇಸು.

ನಮ್ಮ ಮನೆಗಳ ಕಟ್ಟಡದ ಬಗೆಯೂ ಇಲ್ಲಿ ಅಡ್ಡ ಬರುತ್ತದೆ. ಹಳೆಯ ಮನೆಗಳ ಕಿಟಕಿಯ ಮೇಲಿನ ವೆಂಟಿಲೇಟರು ಸದಾ ತೆರೆದಿರುತ್ತದೆ, ಹೆಂಚಿನ ಮನೆಯಲ್ಲಿ ಮಾಡಿನ ಸಂದಿನಿಂದಲೇ ಗಾಳಿಯಾಡುತ್ತದೆ. ಅಂಥ ಕಡೆ ಯಂತ್ರ ಎಷ್ಟು ಸೋಸಿದರೂ ಹೊರಗಿನ ಗಾಳಿ ಬಂದು ತುಂಬುತ್ತಲೇ ಇರುತ್ತದೆ. ಎಲ್ಲವನ್ನೂ ಮುಚ್ಚಿದರೆ ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಸೆಕೆಯೇ ಹೃದಯಕ್ಕೆ ಅಪಾಯವಾಗುತ್ತದೆ. ಬೆಂಗಳೂರಿನ ಮಟ್ಟದ ಗಾಳಿಗೆ ಪ್ಯೂರಿಫೈಯರನ್ನು ನಾನು ನಾಲ್ಕನೆಯ ಸ್ಥಾನದಲ್ಲಿಡುವುದು ಈ ಕಾರಣಗಳಿಗೆ. ಗಾಳಿಯನ್ನು ಶುದ್ಧಗೊಳಿಸುತ್ತವೆಂದು ಮಾರುವ ಕುಂಡದ ಗಿಡಗಳಿಗೆ ಯಾವ ಸ್ಥಾನವೂ ಇಲ್ಲ. ಅವು ಕಣ್ಣಿಗೆ ತಂಪು, ಕೋಣೆಯ ಗಾಳಿಯಲ್ಲಿ ಅಳೆಯುವಷ್ಟು ವ್ಯತ್ಯಾಸ ಮಾಡಲು ಕೋಣೆಯನ್ನೇ ಕಾಡು ಮಾಡಬೇಕಾದೀತು.

ಮನೆ ಬದಲಿಸುವ ಯೋಚನೆ ಬಾಡಿಗೆದಾರರಿಗೆ ಮಾತ್ರ ಹೊಂದುತ್ತದೆ. ಹೇಗೂ ಮನೆ ಹುಡುಕುತ್ತಿದ್ದರೆ ದೊಡ್ಡ ರಸ್ತೆಯಿಂದ ಕನಿಷ್ಠ 300 ಮೀಟರ್ ದೂರದಲ್ಲಿರುವುದನ್ನು ನೋಡಿ. ಇದಕ್ಕಾಗಿಯೇ ಸಾಲ ಮಾಡಿ ಸ್ವಂತ ಮನೆ ಮಾರುವಷ್ಟು ಲಾಭ ನನಗೆ ಕಾಣುವುದಿಲ್ಲ, ಮಲಗುವ ಕೋಣೆಯನ್ನು ರಸ್ತೆಯ ಕಡೆಯಿಂದ ಹಿಂಬದಿಗೆ ಬದಲಿಸಿದರೂ ಸ್ವಲ್ಪ ಸಹಾಯವಾಗುತ್ತದೆ.

ಯಾರಿಗೆ ಯಾವುದು

ಸಾವಿರ ರೂಪಾಯಿಯೊಳಗೆ ಆಗಬೇಕೆನ್ನುವವರು ಸೊಳ್ಳೆ ಪರದೆ ಮತ್ತು ನಾಲ್ಕೈದು ಎನ್95 ಮಾಸ್ಕ್ ತಂದು, ನಡಿಗೆಯ ಹೊತ್ತು ಮತ್ತು ದಾರಿ ಬದಲಿಸಿಕೊಳ್ಳಲಿ. ಐದು ಸಾವಿರ ಹೊಂದಿಸಬಲ್ಲವರು ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಮತ್ತು ಕಿಟಕಿಗಳ ಜಾಲರಿ ಸೇರಿಸಲಿ. ಇಷ್ಟೂ ಆದ ಮೇಲೆ ಹತ್ತು ಹದಿನೈದು ಸಾವಿರ ಉಳಿದಿದ್ದರೆ ಮಲಗುವ ಕೋಣೆಗೆ ಪ್ಯೂರಿಫೈಯರ್ ಬರಲಿ.

ದೆಹಲಿಯ ಓದುಗರಿಗೆ ಈ ಸರದಿ ಬದಲಾಗುತ್ತದೆ. ಅಲ್ಲಿಯ ವರ್ಷದ ಸರಾಸರಿಯೇ 100ರ ಆಸುಪಾಸು, ನವೆಂಬರಿನಿಂದ ಜನವರಿಯವರೆಗೆ ದಿನದ ಪ್ರಮಾಣ 200 ದಾಟುವ ದಿನಗಳು ಎಷ್ಟೋ. ಹೊರಗಿನ ಗಾಳಿಯೇ ಮನೆಯೊಳಗಿನ ಗಾಳಿಯಾಗುವ ಆ ಊರಿನಲ್ಲಿ, ದಿನದ ಇಪ್ಪತ್ತು ಗಂಟೆ ಮನೆಯಲ್ಲೇ ಇರುವ ನಿವೃತ್ತರಿಗೆ ಪ್ಯೂರಿಫೈಯರೇ ಮೊದಲ ಖರ್ಚು, ಅದು ಚಳಿಗಾಲವಾದ್ದರಿಂದ ಕಿಟಕಿ ಮುಚ್ಚಿದರೂ ಸೆಕೆಯ ತೊಂದರೆಯಿಲ್ಲ. ಆ ಮೂರು ತಿಂಗಳು ಯಂತ್ರವಿರುವ ಕೋಣೆಯಲ್ಲೇ ನಡೆಯಲಿ, ಗಾಳಿ ಬೀಸಿ ಪ್ರಮಾಣ ಇಳಿದ ಮಧ್ಯಾಹ್ನಗಳಲ್ಲಿ ಮಾಸ್ಕ್ ಧರಿಸಿ ಹೊರಗೆ ಹೋಗಲಿ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಊರಿಗೆ ಬಂದಿರುವುದು ಯಾವ ಯಂತ್ರಕ್ಕಿಂತಲೂ ದೊಡ್ಡ ಇಳಿಕೆ ತರುತ್ತದೆ.

ಆಟೊ ಚಾಲಕರ ಮಗಳಿಗೆ: ಪ್ಯೂರಿಫೈಯರ್‌ಗಾಗಿ ಸಾಲ ಮಾಡಬೇಡಿ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದಾದವೆನ್ನಲಾದ ಸರಣಿ ಸಾವುಗಳ ಬಗ್ಗೆ 2025ರಲ್ಲಿ ಸರ್ಕಾರದ ತಜ್ಞರ ಸಮಿತಿ ವರದಿ ಕೊಟ್ಟಾಗ ಆಟೊ, ಕ್ಯಾಬ್ ಚಾಲಕರ ಹೆಸರು ಮತ್ತೆ ಮತ್ತೆ ಕೇಳಿಬಂತು. ಹೊಗೆಯ ಜೊತೆಗೆ ಕೂತೇ ಇರುವುದು, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟ, ಬೀಡಿ ಎಲ್ಲವೂ ಆ ಕೆಲಸದಲ್ಲಿ ಕೂಡಿಕೊಂಡಿವೆ. ನಿಮ್ಮ ತಂದೆಯವರು ಸೇದುವವರಾದರೆ ಅದನ್ನು ಬಿಡಿಸುವುದರ ಮುಂದೆ ಇಲ್ಲಿ ಹೇಳಿದ ಎಲ್ಲವೂ ಸಣ್ಣದು. ಮನೆಯಲ್ಲಿ ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಿ, ತಲೆಯ ಹಿಂದೆ ಪಟ್ಟಿ ಬರುವ ಎನ್95 ಮಾಸ್ಕುಗಳನ್ನು ಆಟೊದ ಡ್ಯಾಶ್‌ಬೋರ್ಡಿನಲ್ಲಿ ಒಣ ಕವರಿನಲ್ಲಿಡಿ, ಬೆಳಿಗ್ಗೆ ಎಂಟರಿಂದ ಹನ್ನೊಂದು ಮತ್ತು ಸಂಜೆ ಐದರಿಂದ ಎಂಟರವರೆಗೆ ಅವರು ಅದನ್ನು ಹಾಕಿಕೊಂಡರೆ ಸಾಕು ಎಂದು ಹೇಳಿ. ಉಳಿದ ಹಣದಲ್ಲಿ ತಿಂಗಳ ಮಾತ್ರೆ ಒಂದು ದಿನವೂ ತಪ್ಪದಂತೆ ಮೊದಲೇ ತಂದಿಡಿ.